ಜೌಗಿನ ನೀರಿನ ಅಳತೆಗೆ ತಗಡಿನ ಕಿಂಡಿಯೋ, ತೇಲುವ ಬೆಂಡೋ?

ಗಂಗಾವತಿ ಕಡೆಯ ಭತ್ತದ ಗದ್ದೆಗಳಿಂದ ಬಸಿದ ನೀರು ಹಳ್ಳದ ಜೌಗಿಗೆ ಎಷ್ಟು ಸೇರುತ್ತದೆಂದು ಅಳೆಯುವವರಿಗೆ ಕಡಿಮೆ ಖರ್ಚಿನ ಎರಡು ದಾರಿಗಳಿವೆ. ಬಸಿಗಾಲುವೆಗೆ ಅಡ್ಡಲಾಗಿ 90 ಡಿಗ್ರಿಯ ‘ವಿ’ ಆಕಾರದ ಕಿಂಡಿಯುಳ್ಳ ತಗಡನ್ನು ನಿಲ್ಲಿಸಿದರೆ, ಅದರ ಹಿಂದಿನ ನೀರಿನ ಮಟ್ಟ ಕಿಂಡಿಯ ತಳಕ್ಕಿಂತ 10 ಸೆಂಟಿಮೀಟರ್ ಮೇಲಿದ್ದಾಗ ಸೆಕೆಂಡಿಗೆ ಸುಮಾರು 4.4 ಲೀಟರ್, 20 ಸೆಂಟಿಮೀಟರ್ ಮೇಲಿದ್ದಾಗ ಸುಮಾರು 25 ಲೀಟರ್ ಹರಿಯುತ್ತದೆ. ಸಣ್ಣ ಹರಿವಿಗೆ ನನ್ನ ಆಯ್ಕೆ ಇದೇ. ಆದರೆ ನೀರು ಆಚೆಗೆ ಧುಮುಕಲು ಇಳಿಜಾರು ಬೇಕು, ಸಮತಟ್ಟಾದ ಜೌಗಿನಲ್ಲಿ ಅದು ಅಪರೂಪ. ಹೂಳು ತುಂಬಿದರಂತೂ ಲೆಕ್ಕವೇ ಕೆಡುತ್ತದೆ.

ಬೆಂಡು ತೇಲಿಬಿಡುವುದಕ್ಕೆ ಖರ್ಚೇ ಇಲ್ಲ. ಅದು ಅಳೆದ ದೂರವನ್ನು ಎಷ್ಟು ಸೆಕೆಂಡಿನಲ್ಲಿ ದಾಟುತ್ತದೆಂದು ನೋಡಿ, ಹಾಗೆ ಸಿಕ್ಕ ಮೇಲ್ಮೈ ವೇಗವನ್ನು ಸುಮಾರು 0.85ರಿಂದಲೂ ಹರಿವಿನ ಅಡ್ಡಕೊಯ್ತದ ವಿಸ್ತೀರ್ಣದಿಂದಲೂ ಗುಣಿಸಬೇಕು, ಗಾಳಿಯಿದ್ದರೆ ನೆಚ್ಚುವಂತಿಲ್ಲ. ಕಿಂಡಿ ಮುಳುಗುವ ಮಳೆಗಾಲದ ನೆರೆಗೆ ಇದೇ ಗತಿ. ಬೇಸಿಗೆಯಲ್ಲಿ ಆವಿಯಾಗಿ ಹೋಗುವ ನೀರು ಮಾತ್ರ ಎರಡಕ್ಕೂ ಕಾಣುವುದಿಲ್ಲ.