ಸಂಕಲ್ಪಕ್ಕೆ ಚಿತ್ರ: ಗೋಡೆ ಮೇಲೋ, ಕಾಗದದ ಮೇಲೋ?

ಒಬ್ಬಳೇ ಕೂತು ಮಾಡುವ ಸಂಕಲ್ಪ ಪೂಜೆಗೆ ಬೇಡಿಕೆಯನ್ನು ಚಿತ್ರವಾಗಿ ಬರೆಯಬೇಕು, ಮಲೆನಾಡಿನ ಗೋಡೆ ಚಿತ್ರವಾದ ಹಸೆ ಚಿತ್ತಾರ ಮಾಡಲೋ, ವಾಟರ್ ಕಲರ್ ಸಾಕೋ ಎಂದು ಶಿರಸಿಯ ಗೆಳತಿ ಕೇಳಿದಳು. ಎರಡನ್ನೂ ಮಾಡಿದ್ದೇನೆ, ಹಾಗಾಗಿ ಹೇಳುತ್ತೇನೆ.

ಚಿತ್ತಾರದ ಬಲ ಇರುವುದು ತಯಾರಿಯಲ್ಲೇ. ಅಕ್ಕಿ ನೆನೆಸಿ ಅರೆದರೆ ಬಿಳಿ, ಹುರಿದು ಕರಕಾದ ಅಕ್ಕಿಯಿಂದ ಕಪ್ಪು, ಕೆಮ್ಮಣ್ಣಿನಿಂದ ಕೆಂಪು. ಪುಂಡಿ ನಾರಿನ ಕುಂಚ. ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆ ಗೋಡೆಗೆ, ಆಶ್ವೀಜದ ಭೂಮಿ ಹುಣ್ಣಿಮೆ ಬುಟ್ಟಿಗೆ ಬರೆಯುವುದು ಹೀಗೇ. ಗೆರೆ ಎಳೆಯುವ ಹೊತ್ತಿಗೆ ಮನಸ್ಸು ತಾನಾಗಿ ಒಂದು ಕಡೆ ನಿಂತಿರುತ್ತದೆ. ಇದು ನನಗೆ ತುಂಬಾ ಇಷ್ಟ. ಆದರೆ ಎರಡು ಮೂರು ದಿನ ಬೇಕು, ಮನೆಯವರೆಲ್ಲ ನೋಡುತ್ತಾರೆ.

ಗುಟ್ಟಾಗಿರಬೇಕಾದ ಬೇಡಿಕೆಗೆ ಕಾಗದವೇ ಸರಿ ಅಲ್ವಾ? ಪಾಶ್ಚಾತ್ಯರ 'ಸಿಜಿಲ್' ಪದ್ಧತಿ ಇಲ್ಲಿ ಚೆನ್ನಾಗಿ ಹೊಂದುತ್ತದೆ: ಆಸೆಯನ್ನು ಒಂದು ವಾಕ್ಯ ಮಾಡಿ, ಮತ್ತೆ ಮತ್ತೆ ಬಂದ ಅಕ್ಷರ ಬಿಟ್ಟು, ಉಳಿದವನ್ನು ಹೆಣೆದು ಒಂದೇ ಆಕೃತಿ ಬರೆಯುವುದು. ಇಂಗ್ಲಿಷ್ ಕಲಾವಿದ ಆಸ್ಟಿನ್ ಆಸ್ಮನ್ ಸ್ಪೇರ್ (1886–1956) ಬಳಸಿದ ದಾರಿ ಇದು. ಕನ್ನಡ ಅಕ್ಷರದ ದುಂಡನೆಯ ಆಕಾರ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅರ್ಧ ಗಂಟೆ ಸಾಕು. ಮುಗಿದ ಮೇಲೆ ಸುಡಬಹುದು, ಹರಿಯುವ ನೀರಿಗೂ ಬಿಡಬಹುದು.

ಖರ್ಚು ಎರಡಕ್ಕೂ ಕಡಿಮೆ.

ಮಳೆಗಾಲ ಮಾತ್ರ ಯೋಚಿಸಿ. ತೇವದ ಗೋಡೆಯಲ್ಲಿ ಅಕ್ಕಿ ಹಿಟ್ಟು ಬೂಷ್ಟು ಹಿಡಿಯುತ್ತದೆ. ವರ್ಷವಿಡೀ ಮನೆಯನ್ನು ಕಾಯಬೇಕಾದ ಸಂಕಲ್ಪವಾದರೆ ಭೂಮಿ ಹುಣ್ಣಿಮೆ ಕಳೆದ ಮೇಲೆ ಗೋಡೆಗೆ ಬರೆಯಿರಿ. ಬಾಡಿಗೆ ಮನೆ, ಆಷಾಢದ ಮಳೆ, ಒಂದೇ ರಾತ್ರಿಯ ಪೂಜೆ ಎಂದರೆ ಕಾಗದ ತೆಗೆದುಕೊಳ್ಳಿ.