ಹಡಗು ಹತ್ತುವ ದಿನ: ಮುಂಚಿನ ಸ್ಲಾಟ್, ಕೊನೆಯ ಸ್ಲಾಟ್, ಪ್ರಯಾರಿಟಿ ಬೋರ್ಡಿಂಗ್

ಕ್ರೂಸ್‌ಗೆ ಮೊದಲ ಸಲ ಹೊರಟವರು ಯಾರೇ ಕೇಳಲಿ, ನಾನು ಹೇಳುವುದು ಒಂದೇ ಮಾತು: ಆನ್‌ಲೈನ್ ಚೆಕ್-ಇನ್ ತೆರೆದ ದಿನವೇ ಕೂತು, ಹಡಗು ಹತ್ತಲು ಇರುವ ಸಮಯದ ಸ್ಲಾಟ್‌ಗಳಲ್ಲಿ ಎಲ್ಲಕ್ಕಿಂತ ಮುಂಚಿನದನ್ನು ಹಿಡಿದುಕೊಳ್ಳಿ. ಮುಂಚಿನ ಸ್ಲಾಟ್, ಕೊನೆಯ ಸ್ಲಾಟ್, ದುಡ್ಡು ಕೊಟ್ಟು ಪಡೆಯುವ ಪ್ರಯಾರಿಟಿ ಬೋರ್ಡಿಂಗ್, ಮೂರರಲ್ಲೂ ನಾನು ಹತ್ತಿ ನೋಡಿದ್ದೇನೆ. ಮೊದಲನೆಯದರ ಮುಂದೆ ಉಳಿದೆರಡು ನಿಲ್ಲುವುದಿಲ್ಲ.

ಆ ದಿನ ಬಂದರಿನಲ್ಲಿ ಏನು ನಡೆಯುತ್ತಿರುತ್ತದೆ ಎಂದು ಗೊತ್ತಿದ್ದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಹಡಗು ಬೆಳಗಿನ ಜಾವ ಬಂದು ನಿಲ್ಲುತ್ತದೆ. ಹಿಂದಿನ ಪ್ರಯಾಣದವರು ಬೆಳಗ್ಗೆ ಇಳಿಯುತ್ತಾರೆ, ಅದೇ ದಿನ ಸಂಜೆ ಹೊಸಬರನ್ನು ತುಂಬಿಕೊಂಡು ಹಡಗು ಹೊರಡಬೇಕು. ದೊಡ್ಡ ಹಡಗಾದರೆ ಸಾವಿರಾರು ಜನ ಇಳಿದು ಅಷ್ಟೇ ಜನ ಹತ್ತುತ್ತಾರೆ. ಈ ನಡುವೆ ಪ್ರತಿ ಕ್ಯಾಬಿನ್ ಗುಡಿಸಿ ಒರೆಸಿ ಹಾಸಿಗೆ ಬದಲಾಯಿಸಬೇಕು, ದಿನಸಿ ತುಂಬಬೇಕು, ಎಲ್ಲರ ಲಗೇಜು ಒಳಗೆ ಬರಬೇಕು. ಹಾಗಾಗಿ ಎಷ್ಟೇ ಬೇಗ ಹತ್ತಿದರೂ ಕ್ಯಾಬಿನ್ ಬಾಗಿಲು ಸಾಮಾನ್ಯವಾಗಿ ಮಧ್ಯಾಹ್ನ ಒಂದೂವರೆ ಎರಡರವರೆಗೆ ತೆರೆಯುವುದಿಲ್ಲ, ದೊಡ್ಡ ಪೆಟ್ಟಿಗೆ ಕೈಗೆ ಸಿಗುವಾಗ ಸಂಜೆಯೂ ಆಗಬಹುದು. ಹೋಟೆಲಿಗೆ ಹೋದ ಹಾಗೆ ಕೀಲಿ ತೆಗೆದುಕೊಂಡು ನೇರ ರೂಮಿಗೆ ಹೋಗುವುದು ಇಲ್ಲಿ ನಡೆಯುವುದಿಲ್ಲ. ಇಷ್ಟು ಮನಸ್ಸಿನಲ್ಲಿಟ್ಟುಕೊಂಡು ಹೊರಟರೆ ಅರ್ಧ ಬೇಸರ ಕಡಿಮೆಯಾಗುತ್ತದೆ.

ಟರ್ಮಿನಲ್ ಒಳಗಿನ ಕ್ರಮ ಮೂರೂ ಸಲ ಒಂದೇ. ಬಾಗಿಲ ಹೊರಗೆ ಪೋರ್ಟರ್ ಕೈಗೆ ದೊಡ್ಡ ಪೆಟ್ಟಿಗೆ ಕೊಡುವುದು, ಒಳಗೆ ಎಕ್ಸ್-ರೇ ತಪಾಸಣೆ, ಆಮೇಲೆ ಕೌಂಟರಿನಲ್ಲಿ ಪಾಸ್‌ಪೋರ್ಟ್, ವೀಸಾ, ಬೋರ್ಡಿಂಗ್ ಪಾಸ್ ನೋಡುವುದು, ಕೊನೆಗೆ ಗ್ಯಾಂಗ್‌ವೇ, ಅಂದರೆ ದಡದಿಂದ ಹಡಗಿಗೆ ಹಾಕಿದ ಸೇತುವೆ, ದಾಟಿ ಹಡಗು. ಬದಲಾಗುವುದು ಸಾಲಿನ ಉದ್ದ ಮಾತ್ರ. ಮುಂಚಿನ ಸ್ಲಾಟ್‌ನಲ್ಲಿ ಹೋದಾಗ ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಕೂರಿಸಿದರು, ಹತ್ತಿಸಲು ಶುರು ಮಾಡಿದ ಮೇಲೆ ಎಲ್ಲೂ ನಿಲ್ಲಲಿಲ್ಲ. ಕೊನೆಯ ಸ್ಲಾಟ್‌ನಲ್ಲೂ ಸಾಲು ದೊಡ್ಡದಿರಲಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ನಡುಮಧ್ಯಾಹ್ನ ಹೋದವರ ಗತಿ ಬೇರೆ, ಎಲ್ಲರೂ ಬಂದು ಸೇರುವುದು ಆ ಹೊತ್ತಿಗೇ. ಸ್ಲಾಟ್‌ಗಿಂತ ಒಂದು ಗಂಟೆ ಮೊದಲೇ ಹೋಗಿ ನಿಂತರೆ ಒಳಗೆ ಬಿಡುತ್ತಾರೆ ಅಂದುಕೊಳ್ಳಬೇಡಿ, ಬಹಳ ಕಡೆ ಹೊರಗೇ ನಿಲ್ಲಿಸುತ್ತಾರೆ.

ಇನ್ನು ಲಗೇಜು. ಇಡೀ ದಿನದಲ್ಲಿ ನನ್ನನ್ನು ಕಾಡಿದ್ದು ಇದೊಂದೇ.

ಪೋರ್ಟರ್‌ಗೆ ಕೊಡುವ ಪೆಟ್ಟಿಗೆಗೆ ಒಂದು ಟ್ಯಾಗ್ ಇರಬೇಕು. ಚೆಕ್-ಇನ್ ಮುಗಿದ ಮೇಲೆ ಅದನ್ನು ಮನೆಯಲ್ಲೇ ಪ್ರಿಂಟ್ ತೆಗೆದು, ಗೆರೆ ಇದ್ದಲ್ಲಿ ಮಡಚಿ, ಹಿಡಿಕೆಗೆ ಸುತ್ತಿ ಪಿನ್ ಹೊಡೆಯಬೇಕು. ಹೆಸರು, ಹಡಗು, ಹೊರಡುವ ತಾರೀಖು, ಕ್ಯಾಬಿನ್ ನಂಬರು ಎಲ್ಲ ಆ ಕಾಗದದ ಮೇಲೆಯೇ. ಆ ಪೆಟ್ಟಿಗೆಯೋ ಪೋರ್ಟರ್ ಗಾಡಿಯಿಂದ ಜಾಲರಿ ಟ್ರಾಲಿಗೆ, ಅಲ್ಲಿಂದ ಎಕ್ಸ್-ರೇಗೆ, ಅಲ್ಲಿಂದ ಹಡಗಿನ ಹೊಟ್ಟೆಗೆ, ಆಮೇಲೆ ಲಿಫ್ಟಿನಲ್ಲಿ ನಮ್ಮ ಡೆಕ್ಕಿಗೆ ಬರುತ್ತದೆ. ನೂರಾರು ಪೆಟ್ಟಿಗೆ ಒಂದರ ಮೇಲೊಂದು ಬೀಳುವ ಜಾಗದಲ್ಲಿ ಕಾಗದದ ಪಟ್ಟಿ ಎಷ್ಟು ಹೊತ್ತು ತಾಳೀತು?

ಕೊನೆಯ ಸ್ಲಾಟ್‌ನಲ್ಲಿ ಹತ್ತಿದ ಪ್ರಯಾಣದಲ್ಲಿ ನನ್ನ ಪೆಟ್ಟಿಗೆ ಊಟದ ಹೊತ್ತಿಗೆ ಬಾಗಿಲ ಮುಂದೆ ಇತ್ತು, ಅಮ್ಮನದು ಬರಲಿಲ್ಲ. ಕಾರಿಡಾರಿನಲ್ಲಿ ಅಕ್ಕಪಕ್ಕದವರ ಪೆಟ್ಟಿಗೆಗಳು ಒಂದೊಂದಾಗಿ ಒಳಗೆ ಹೋಗುತ್ತಿದ್ದವು. ಕ್ಯಾಬಿನ್ ನೋಡಿಕೊಳ್ಳುವ ಹುಡುಗನನ್ನು ಕೇಳಿದರೆ, "ಇನ್ನೂ ಬರುತ್ತಲೇ ಇವೆ ಮೇಡಂ, ಸ್ವಲ್ಪ ತಾಳಿ" ಅಂದ. ತಾಳಿದೆವು. ಹಡಗು ಬಂದರು ಬಿಟ್ಟು ಎಷ್ಟೋ ಹೊತ್ತಾಗಿತ್ತು. ಅಮ್ಮ ಬೆಳಗ್ಗೆ ಉಟ್ಟಿದ್ದ ಸೀರೆಯಲ್ಲೇ ಊಟಕ್ಕೆ ಬಂದರು, ಮಾತು ಕಡಿಮೆ ಮಾಡಿದರು. ಊಟ ಮುಗಿಸಿ ರಿಸೆಪ್ಷನ್‌ಗೆ ಹೋದರೆ ಅಲ್ಲಿ ನಮ್ಮಂಥವರ ಸಾಲು. ಸರದಿ ಬಂದ ಮೇಲೆ ಒಬ್ಬರು ನಮ್ಮನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಗುರುತು ಸಿಗದ ಪೆಟ್ಟಿಗೆಗಳನ್ನೆಲ್ಲ ಅಲ್ಲಿ ನಿಲ್ಲಿಸಿದ್ದರು. ಅಮ್ಮನದು ಗೋಡೆಯ ಪಕ್ಕ ಇತ್ತು. ಹಿಡಿಕೆಯಲ್ಲಿ ಪಿನ್ನಿಗೆ ಕಚ್ಚಿಕೊಂಡ ಎರಡು ಬೆರಳಗಲದ ಕಾಗದದ ಚೂರು, ಅದರ ಮೇಲೆ ಹಡಗಿನ ಹೆಸರಿನ ಅರ್ಧ. ಕ್ಯಾಬಿನ್ ನಂಬರಿದ್ದ ಭಾಗ ಹರಿದು ಎಲ್ಲೋ ಬಿದ್ದಿತ್ತು.

ಇದಕ್ಕೆ ಪರಿಹಾರ ಬಹಳ ಸುಲಭ. ಟ್ಯಾಗನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಟ್ಟಿ. ಕ್ರೂಸ್ ಟ್ಯಾಗ್‌ಗೆಂದೇ ಕವರುಗಳು ಸಿಗುತ್ತವೆ. ಇಲ್ಲವೆಂದರೆ ಕಾಗದದ ಎರಡೂ ಬದಿಗೆ ಅಗಲದ ಪಾರದರ್ಶಕ ಟೇಪ್ ಅಂಟಿಸಿ, ಆಮೇಲೆ ಪಿನ್ ಹೊಡೆಯಿರಿ. ಅದೇ ವಿವರ ಬರೆದ ಚೀಟಿಯೊಂದನ್ನು ಪೆಟ್ಟಿಗೆಯ ಒಳಗೆ, ತೆರೆದ ತಕ್ಷಣ ಕಾಣುವ ಹಾಗೆ ಇಡಿ. ಟ್ಯಾಗ್ ಹರಿಯುವುದಕ್ಕೂ ಸ್ಲಾಟ್‌ಗೂ ಸಂಬಂಧವಿಲ್ಲ, ನಿಜ. ಆದರೆ ಮುಂಚೆ ಹತ್ತಿದ ಸಲ ಪೆಟ್ಟಿಗೆಗಳು ಮಧ್ಯಾಹ್ನವೇ ಬಂದವು. ಒಂದು ಬರದಿದ್ದರೂ ಹಡಗು ಇನ್ನೂ ದಡದಲ್ಲಿರುವಾಗ, ರಿಸೆಪ್ಷನ್ ಖಾಲಿ ಇರುವಾಗ ಹೋಗಿ ಕೇಳಲು ಸಮಯವಿರುತ್ತಿತ್ತು. ರಾತ್ರಿ ಕತ್ತಲಾದ ಮೇಲೆ ಹುಡುಕುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ.

ಪೆಟ್ಟಿಗೆ ತಡವಾಗಲು ಇನ್ನೊಂದು ಕಾರಣ ನಾವು ಒಳಗೆ ಇಡುವ ಸಾಮಾನು. ಇಸ್ತ್ರಿಪೆಟ್ಟಿಗೆ, ಬಟ್ಟೆಗೆ ಹಬೆ ಕೊಡುವ ಸ್ಟೀಮರ್, ಎಲೆಕ್ಟ್ರಿಕ್ ಕೆಟಲ್, ಮೇಣದಬತ್ತಿ, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡು ಇವನ್ನೆಲ್ಲ ಬಹುತೇಕ ಹಡಗುಗಳಲ್ಲಿ ಬಿಡುವುದಿಲ್ಲ. ನಡುಸಮುದ್ರದಲ್ಲಿ ಬೆಂಕಿಗಿಂತ ದೊಡ್ಡ ಭಯ ಇನ್ನೊಂದಿಲ್ಲ, ಅದಕ್ಕೇ ಇಷ್ಟು ಕಟ್ಟುನಿಟ್ಟು. ಎಕ್ಸ್-ರೇಯಲ್ಲಿ ಇವು ಕಂಡರೆ ಪೆಟ್ಟಿಗೆಯನ್ನೇ ತಡೆದಿಟ್ಟು, ನೀವು ಬಂದು ತೆರೆಯುವವರೆಗೆ ಕಾಯುತ್ತಾರೆ. ಏನೇನು ತರಬಾರದು ಎಂಬ ನಿಮ್ಮ ಹಡಗು ಕಂಪನಿಯ ಪಟ್ಟಿಯನ್ನು ಪ್ಯಾಕ್ ಮಾಡುವ ಮೊದಲು ಒಮ್ಮೆ ಓದಿ.

ಪೆಟ್ಟಿಗೆಯನ್ನು ಪೋರ್ಟರ್‌ಗೆ ಕೊಡದೆ ತಾವೇ ಎಳೆದುಕೊಂಡು ಹತ್ತುವವರೂ ಇದ್ದಾರೆ. ಎರಡು ಮೂರು ರಾತ್ರಿಯ ಪ್ರಯಾಣಕ್ಕೆ, ಚಿಕ್ಕ ಪೆಟ್ಟಿಗೆಗೆ ಅದು ಸರಿ. ದೊಡ್ಡದಾದರೆ ಬೇಡ. ಕ್ಯಾಬಿನ್ ತೆರೆಯುವವರೆಗೆ ಅದನ್ನು ಬಫೆ ಮೇಜುಗಳ ಸಂದಿಯಲ್ಲಿ ತಳ್ಳಿಕೊಂಡು ತಿರುಗಬೇಕಾಗುತ್ತದೆ.

ನಾನು ದೊಡ್ಡದನ್ನು ಕೊಟ್ಟುಬಿಡುತ್ತೇನೆ, ಬೆನ್ನಿಗೊಂದು ಚೀಲ ಮಾತ್ರ. ಅದರಲ್ಲಿ ಪಾಸ್‌ಪೋರ್ಟ್ ಮತ್ತು ಕಾಗದಪತ್ರ, ಎಲ್ಲರ ಮಾತ್ರೆಗಳು, ಕನ್ನಡಕ, ಚಾರ್ಜರ್, ಪವರ್ ಬ್ಯಾಂಕ್, ರಾತ್ರಿ ಊಟಕ್ಕೆ ಒಂದು ಜೊತೆ ಬಟ್ಟೆ, ಈಜುಡುಗೆ. ಅಮ್ಮನ ಬಿಪಿ ಮಾತ್ರೆ ಆ ರಾತ್ರಿ ನನ್ನ ಚೀಲದಲ್ಲಿ ಇದ್ದದ್ದರಿಂದ ವಿಷಯ ಬರೀ ಬೇಸರದಲ್ಲಿ ಮುಗಿಯಿತು. ಔಷಧವನ್ನು ಮಾತ್ರ ಯಾವ ಕಾರಣಕ್ಕೂ ದೊಡ್ಡ ಪೆಟ್ಟಿಗೆಗೆ ಹಾಕಬೇಡಿ.

ಊಟ: ಮುಂಚೆ ಹತ್ತಿದವರಿಗೆ ಮಧ್ಯಾಹ್ನದ ಊಟ ಹಡಗಿನಲ್ಲೇ, ಅದು ಟಿಕೆಟ್‌ನಲ್ಲಿ ಸೇರಿರುವುದು. ಎಲ್ಲರೂ ಬಫೆಗೆ ನುಗ್ಗುತ್ತಾರೆ, ಬೇರೆ ಯಾವುದಾದರೂ ಊಟದ ಜಾಗ ತೆರೆದಿದೆಯೇ ಎಂದು ಹಡಗು ಕಂಪನಿಯ ಆ್ಯಪ್‌ನಲ್ಲಿ ನೋಡಿ.

ಈಜುಕೊಳ: ಈ ಮಧ್ಯಾಹ್ನ ಅದು ಸಾಮಾನ್ಯವಾಗಿ ಖಾಲಿ ಇರುತ್ತದೆ. ಹೆಚ್ಚಿನವರ ಈಜುಡುಗೆ ದೊಡ್ಡ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡಿರುತ್ತದೆ.

ಕಾರ್ಡು: ಕೌಂಟರಿನಲ್ಲೋ ಕ್ಯಾಬಿನ್ ಬಾಗಿಲಲ್ಲೋ ಸಿಗುವ ಒಂದೇ ಕಾರ್ಡು ಬಾಗಿಲ ಕೀಲಿಯೂ ಹೌದು, ಹಡಗಿನೊಳಗೆ ಖರ್ಚಿನ ಲೆಕ್ಕವೂ ಹೌದು, ಮುಂದಿನ ಬಂದರುಗಳಲ್ಲಿ ಇಳಿದು ಹತ್ತುವ ಗುರುತೂ ಹೌದು. ಕೆಲವು ಕಂಪನಿಗಳು ಕಾರ್ಡಿನ ಬದಲು ಕೈಪಟ್ಟಿಯನ್ನೋ ಪದಕವನ್ನೋ ಕೊಡುತ್ತವೆ.

ಫೋನ್: ಹಡಗು ಹೊರಡುವ ಮೊದಲೇ ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಬೇಕಾದರೆ ವೈ-ಫೈ ಮಾತ್ರ ಆನ್ ಮಾಡಿ. ಇಲ್ಲವಾದರೆ ಹಡಗಿನ ಮೊಬೈಲ್ ನೆಟ್‌ವರ್ಕ್‌ಗೆ ತಾನಾಗಿ ಸೇರಿ ದುಬಾರಿ ಬಿಲ್ ಬರಬಹುದು.

ಮಸ್ಟರ್ ಡ್ರಿಲ್ ಬಗ್ಗೆ ಮಾತ್ರ ಒಂದು ಸಾಲಿನಲ್ಲಿ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಅಪಾಯದ ಹೊತ್ತಿನಲ್ಲಿ ಎಲ್ಲಿ ಬಂದು ಸೇರಬೇಕು, ಲೈಫ್ ಜಾಕೆಟ್ ಹೇಗೆ ತೊಡಬೇಕು, ಏಳು ಚಿಕ್ಕ ಸದ್ದು ಮತ್ತು ಒಂದು ಉದ್ದದ ಸದ್ದು ಕೇಳಿದರೆ ಏನರ್ಥ ಎಂದು ತಿಳಿಸುವ ಅಭ್ಯಾಸ ಇದು. 2012ರ ಜನವರಿಯಲ್ಲಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ತಾಗಿ ಮಗುಚಿ 32 ಜನ ಸತ್ತರು. ಅಂದು ಸಂಜೆ ಸಿವಿಟಾವೆಕ್ಕಿಯಾ ಬಂದರಿನಲ್ಲಿ ಹತ್ತಿದ್ದವರಿಗೆ ಆ ಅಭ್ಯಾಸ ಇನ್ನೂ ಆಗಿರಲಿಲ್ಲ. ಆಗಿನ ನಿಯಮದಲ್ಲಿ ಹತ್ತಿದ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. 2015ರಿಂದ ಅಂತರರಾಷ್ಟ್ರೀಯ ನಿಯಮ ಬದಲಾಗಿ, ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಾಡಿ ಮುಗಿಸಬೇಕು. ಮೊದಲೆಲ್ಲ ಎಲ್ಲರನ್ನೂ ಒಟ್ಟಿಗೆ ಡೆಕ್ಕಿನಲ್ಲಿ ನಿಲ್ಲಿಸುತ್ತಿದ್ದರು. ಈಗ ಹಲವು ಹಡಗುಗಳಲ್ಲಿ ಫೋನಿನಲ್ಲೋ ಕ್ಯಾಬಿನ್ ಟಿವಿಯಲ್ಲೋ ವಿಡಿಯೊ ನೋಡಿ, ನಿಮ್ಮ ಮಸ್ಟರ್ ಸ್ಟೇಷನ್‌ಗೆ, ಅಂದರೆ ಅಪಾಯದಲ್ಲಿ ನೀವು ಬಂದು ಸೇರಬೇಕಾದ ಜಾಗಕ್ಕೆ, ಹೋಗಿ ಕಾರ್ಡು ತೋರಿಸಿದರೆ ಆಯಿತು.

ಇಲ್ಲೂ ಮುಂಚಿನ ಸ್ಲಾಟ್ ಗೆಲ್ಲುತ್ತದೆ. ಬೇಗ ಹತ್ತಿದ ಸಲ ಅಮ್ಮನನ್ನು ನಿಧಾನವಾಗಿ ಕರೆದುಕೊಂಡು ಹೋಗಿ, ನಮ್ಮ ಕ್ಯಾಬಿನ್‌ನಿಂದ ಸ್ಟೇಷನ್‌ವರೆಗಿನ ಮೆಟ್ಟಿಲು ದಾರಿಯನ್ನು ಎರಡು ಸಲ ನಡೆದು ನೋಡಿದೆವು. ಅಲ್ಲಿದ್ದ ಸಿಬ್ಬಂದಿ ಜಾಕೆಟ್‌ನ ಬಕಲ್ ಹಾಕುವುದನ್ನು ಅಮ್ಮನ ಕೈಯಲ್ಲೇ ಮಾಡಿಸಿದರು. ಕೊನೆಗೆ ಹತ್ತಿದ ಸಲ ಮೈಕಿನಲ್ಲಿ ಉಳಿದವರನ್ನು ಕೂಗುತ್ತಿದ್ದರು, ಓಡಿಹೋಗಿ ಕಾರ್ಡು ತೋರಿಸಿ ವಾಪಸ್ ಬಂದೆವು. ಸ್ಟೇಷನ್ ಯಾವ ಬದಿಯಲ್ಲಿತ್ತು ಎಂಬುದೂ ಮನಸ್ಸಿನಲ್ಲಿ ಉಳಿಯಲಿಲ್ಲ.

ಇನ್ನು ಪ್ರಯಾರಿಟಿ. ಚೆಕ್-ಇನ್‌ಗೆ ಬೇರೆ ಸಾಲು, ಪೆಟ್ಟಿಗೆ ಬೇಗ ಬರುತ್ತದೆ ಎಂಬ ಭರವಸೆ, ಹತ್ತಲು ಮೊದಲ ಸರದಿ. ಚೆಕ್-ಇನ್ ಬೇಗ ಆಯಿತು, ಸುಳ್ಳಲ್ಲ. ಆದರೆ ಎಕ್ಸ್-ರೇ ಸಾಲು ಎಲ್ಲರಿಗೂ ಒಂದೇ ಆಗಿತ್ತು, ಹೆಚ್ಚು ಹೊತ್ತು ನಿಲ್ಲಬೇಕಾದದ್ದೂ ಅಲ್ಲೇ. ಪ್ರಯಾರಿಟಿ ಇಲ್ಲದೆ ಮುಂದಿನ ಕುರ್ಚಿಗಳಲ್ಲಿ ಕೂತಿದ್ದವರು ನಾವು ಹತ್ತಿದ ಕೆಲವೇ ನಿಮಿಷಕ್ಕೆ ಹಡಗಿನೊಳಗೆ ಬಂದರು. ಅವರು ಏನೂ ಹೆಚ್ಚು ಕೊಟ್ಟಿರಲಿಲ್ಲ, ಮುಂಚಿನ ಸ್ಲಾಟ್ ಹಿಡಿದಿದ್ದರು ಅಷ್ಟೆ. ಪ್ರಯಾರಿಟಿಯ ಜೊತೆ ವೈ-ಫೈ, ವಿಶೇಷ ಊಟದಂಥ ಬೇರೆ ಸೌಲಭ್ಯ ಸೇರಿದ್ದು ಅವು ನಿಮಗೆ ಹೇಗೂ ಬೇಕಿದ್ದರೆ ಲೆಕ್ಕ ಬೇರೆ. ಬರೀ ಸಾಲು ತಪ್ಪಿಸಲು ನಾನು ಮತ್ತೆ ಕೊಡುವುದಿಲ್ಲ. ನಿಂತುಕೊಳ್ಳಲು ಆಗದ ಹಿರಿಯರಿದ್ದರೂ ಮೊದಲು ಗಾಲಿಕುರ್ಚಿಯ ಸಹಾಯ ಕೇಳಿ, ಬುಕಿಂಗ್ ಮಾಡುವಾಗಲೇ ತಿಳಿಸಿದರೆ ಟರ್ಮಿನಲ್‌ನಿಂದ ಹಡಗಿನವರೆಗೆ ಕರೆದುಕೊಂಡು ಹೋಗುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ.

ಕೊನೆಯ ಸ್ಲಾಟ್ ಯಾರಿಗೆ? ಬಂದರಿನ ಹತ್ತಿರವೇ ಇರುವವರಿಗೆ, ಹಲವು ಸಲ ಹತ್ತಿ ಅಭ್ಯಾಸವಾದವರಿಗೆ, ಬೆಳಗ್ಗೆ ಅವಸರ ಇಷ್ಟವಿಲ್ಲದವರಿಗೆ. ಅದೇ ದಿನ ವಿಮಾನದಲ್ಲಿ ಬಂದು ಕೊನೆಯ ಸ್ಲಾಟ್‌ನಲ್ಲಿ ಹತ್ತುತ್ತೇವೆ ಅನ್ನುವವರಿಗೆ ಬೇಡವೇ ಬೇಡ ಅನ್ನುತ್ತೇನೆ. ಹಡಗು ಹೊರಡುವ ಸಮಯ ಬೇರೆ, ಚೆಕ್-ಇನ್ ಮುಚ್ಚುವ ಸಮಯ ಬೇರೆ. ಪ್ರಯಾಣಿಕರ ಪಟ್ಟಿಯನ್ನು ಮೊದಲೇ ಅಧಿಕಾರಿಗಳಿಗೆ ಕೊಡಬೇಕಾಗಿರುವುದರಿಂದ ಸಾಮಾನ್ಯವಾಗಿ ಒಂದೆರಡು ಗಂಟೆ ಮುಂಚೆಯೇ ಬಾಗಿಲು ಮುಚ್ಚುತ್ತದೆ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ, ಟಿಕೆಟ್ ದುಡ್ಡೂ ಬಹುತೇಕ ಬರುವುದಿಲ್ಲ.

ನನ್ನ ಅಭ್ಯಾಸ ಬೆಳಗ್ಗೆ ಬೇಗ ಏಳುವುದು, ಬಜೆಟ್ ಅಳತೆಯದು. ಪ್ರಯಾರಿಟಿಗೆ ಹಾಕುವ ದುಡ್ಡನ್ನು ಹಿಂದಿನ ರಾತ್ರಿ ಬಂದರಿನ ಊರಿನಲ್ಲಿ ಸಾಧಾರಣ ಹೋಟೆಲಿಗೆ ಹಾಕುತ್ತೇನೆ, ಬೆಳಗ್ಗೆ ತಿಂಡಿ ತಿಂದು ಟರ್ಮಿನಲ್‌ಗೆ ಹೊರಡುತ್ತೇನೆ. ಹೊರಡುವ ಮೊದಲು ಬೋರ್ಡಿಂಗ್ ಪಾಸ್‌ನಲ್ಲಿ ಟರ್ಮಿನಲ್ ಯಾವುದು ಎಂದು ನೋಡಿ ಟ್ಯಾಕ್ಸಿಯವರಿಗೆ ತೋರಿಸಿ. ದೊಡ್ಡ ಬಂದರುಗಳಲ್ಲಿ ಟರ್ಮಿನಲ್‌ಗಳು ಹಲವಿರುತ್ತವೆ, ಒಂದರಿಂದ ಇನ್ನೊಂದಕ್ಕೆ ಪೆಟ್ಟಿಗೆ ಎಳೆದುಕೊಂಡು ನಡೆಯುವ ದೂರವಲ್ಲ.