ಕೊಡಗಿನಲ್ಲಿ ಪುಕ್ಕಟೆ ಮೊಬೈಲ್ ಸಹಾಯ: ಗ್ರೂಪ್ ಒಳ್ಳೆಯದೋ, ಒಂದೇ ನಂಬರೋ, ಸಂತೆ ಮೇಜೋ?

ಮೊಬೈಲ್, ಕಂಪ್ಯೂಟರ್ ಗೊತ್ತಿರುವ ನಾಲ್ಕು ಜನ ಸೇರಿ ಊರಿನವರಿಗೆ ಪುಕ್ಕಟೆ ಸಹಾಯ ಮಾಡೋಣ ಎಂದು ಹೊರಟರೆ ಎರಡು ಚಿಂತೆ ಶುರುವಾಗುತ್ತವೆ. ಕೇಳುವವರು ಬರಬೇಕು, ಉತ್ತರ ಹೇಳುವವರೂ ಹೆಚ್ಚಬೇಕು. ಎರಡಕ್ಕೂ ಒಂದೇ ಮದ್ದು ಎಂದುಕೊಂಡು ಎಲ್ಲರೂ ಮೊದಲು ಮಾಡುವುದು ವಾಟ್ಸಾಪ್ ಗ್ರೂಪ್. ಗ್ರೂಪ್, ಒಂದೇ ನಂಬರಿನ ವಾಟ್ಸಾಪ್ ಬಿಸಿನೆಸ್ (ಅಂಗಡಿಯವರಿಗೆಂದು ಇರುವ ವಾಟ್ಸಾಪ್), ಸಂಜೆ ಒಂದು ತಾಸು ಕರೆಗಳಿಗೇ ಮೀಸಲಿಡುವ ಫೋನ್ ಗಂಟೆ, ಸಂತೆ ದಿನ ಪೇಟೆಯಲ್ಲಿ ಹಾಕುವ ಸಹಾಯದ ಮೇಜು, ಟೆಲಿಗ್ರಾಂ, ಈ ಐದನ್ನೂ ಬಳಸಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಹೀಗಿದೆ: ಹೊಸಬರನ್ನು ಕರೆತರುವುದರಲ್ಲಿ ಸಂತೆ ಮೇಜಿಗೆ ಸಾಟಿಯಿಲ್ಲ. ಬಂದವರು ಮತ್ತೆ ಬರುವಂತೆ ಮಾಡುವುದು ಒಂದೇ ನಂಬರ್. ಸಹಾಯಕರು ಬೆಳೆಯುವುದು ಟೆಲಿಗ್ರಾಂನಲ್ಲಿ. ದೊಡ್ಡ ವಾಟ್ಸಾಪ್ ಗ್ರೂಪ್ ಮೂರರಲ್ಲೂ ಹಿಂದೆ ಬೀಳುತ್ತದೆ.

ಬಯಲುಸೀಮೆಯ ಊರಿಗೂ ಕೊಡಗಿಗೂ ಇಲ್ಲಿ ವ್ಯತ್ಯಾಸವಿದೆ. ತೋಟದ ನಡುವಿನ ಮನೆಗಳು ದೂರದೂರ. ಎಷ್ಟೋ ಕಡೆ ಸಿಗ್ನಲ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಕರೆಂಟು ಹೋದರೆ ಸ್ವಲ್ಪ ಹೊತ್ತಿನಲ್ಲಿ ಟವರಿನ ಬ್ಯಾಟರಿಯೂ ಕೈಕೊಡುತ್ತದೆ. ಕನ್ನಡ, ಕೊಡವ, ಅರೆಭಾಷೆ, ಮಲಯಾಳ, ತುಳು, ತಮಿಳು ಆಡುವವರೆಲ್ಲ ಒಂದೇ ಸಂತೆಗೆ ಬರುತ್ತಾರೆ. ಕನ್ನಡ ಮಾತಾಡಬಲ್ಲ ಎಲ್ಲರೂ ಕನ್ನಡದಲ್ಲಿ ಬರೆಯಬಲ್ಲರು ಎಂದುಕೊಂಡರೆ ಅರ್ಧ ಜನ ಹೊರಗೇ ಉಳಿಯುತ್ತಾರೆ.

ವಾಟ್ಸಾಪ್ ಗ್ರೂಪ್: ಬೇಗ ತುಂಬುತ್ತದೆ, ಬೇಗ ಸುಮ್ಮನಾಗುತ್ತದೆ

ಒಂದು ಗ್ರೂಪಿಗೆ 1,024 ಜನ ಸೇರಬಹುದು. ಆದರೆ ಸೇರಿದವರ ಲೆಕ್ಕ ಇಲ್ಲಿ ಮೋಸ ಮಾಡುತ್ತದೆ. ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳು ಪ್ರಶ್ನೆ ಕೇಳದೆ ಇರುವುದಕ್ಕೂ ಸದ್ದಿಲ್ಲದೆ ಹೊರಹೋಗುವುದಕ್ಕೂ ಇದೇ ದೊಡ್ಡ ಕಾರಣ. "ನನಗೆ ಇಷ್ಟೂ ಗೊತ್ತಿಲ್ಲ" ಎಂದು ಊರಿನವರೆಲ್ಲರ ಮುಂದೆ ಒಪ್ಪಿಕೊಳ್ಳುವ ಸಂಕೋಚ ಗಂಡಸರಿಗೂ ಕಡಿಮೆಯಿಲ್ಲ. ಬೆಳಗಿನ ಶುಭೋದಯದ ಹೂವುಗಳ ನಡುವೆ ಕೇಳಿದ ಪ್ರಶ್ನೆ ಮಧ್ಯಾಹ್ನದ ಹೊತ್ತಿಗೆ ಎಲ್ಲೋ ಮೇಲೆ ಹೋಗಿರುತ್ತದೆ. ಜನ ಗ್ರೂಪನ್ನು ಮ್ಯೂಟ್ ಮಾಡುತ್ತಾರೆ. ಅಲ್ಲಿಂದ ಮುಂದೆ ಉತ್ತರ ಕೊಡುವವರು ಅದೇ ಇಬ್ಬರೋ ಮೂವರೋ.

ಇದಕ್ಕಿಂತ ಗಂಭೀರವಾದದ್ದು ಎಪಿಕೆ ಫೈಲ್, ಅಂದರೆ ಪ್ಲೇ ಸ್ಟೋರ್ ಇಲ್ಲದೆಯೇ ಫೋನಿಗೆ ಆ್ಯಪ್ ಹಾಕುವ ಫೈಲ್. ಟ್ರಾಫಿಕ್ ದಂಡದ ಚಲನ್, ಮದುವೆ ಕರೆಯೋಲೆ ಎಂಬ ಹೆಸರಿನಲ್ಲಿ ಬರುವ ಈ ಫೈಲನ್ನು ಇನ್‌ಸ್ಟಾಲ್ ಮಾಡಿದರೆ ಫೋನಿಗೆ ಬರುವ ಎಸ್‌ಎಂಎಸ್‌ಗಳು, ಅವುಗಳ ಜೊತೆ ಒಟಿಪಿಗಳೂ ಕಳ್ಳರ ಕೈಗೆ ಹೋಗುತ್ತವೆ. ಸಹಾಯದ ಗ್ರೂಪಿನಲ್ಲಿ ಬಂದದ್ದು ಎಂಬ ನಂಬಿಕೆಯಿಂದಲೇ ಜನ ಅದನ್ನು ಒತ್ತುತ್ತಾರೆ. ಗ್ರೂಪ್ ನಡೆಸಲೇಬೇಕಾದರೆ ಹೊಸ ಸದಸ್ಯರಿಗೆ ಅಡ್ಮಿನ್ ಒಪ್ಪಿಗೆ ಕಡ್ಡಾಯವಾಗಿರಲಿ. ರಾತ್ರಿ ಹೊತ್ತು ಅಡ್ಮಿನ್‌ಗಳಷ್ಟೇ ಮೆಸೇಜ್ ಹಾಕುವಂತೆ ಬದಲಿಸಿಡಿ. ಎಪಿಕೆ ಕಂಡ ಕೂಡಲೇ ಅಳಿಸಲು ಬೇರೆಬೇರೆ ಹೊತ್ತಿಗೆ ಎಚ್ಚರ ಇರುವ ಮೂವರನ್ನು ಅಡ್ಮಿನ್ ಮಾಡಿ. ಒಂದು ಸ್ತ್ರೀಶಕ್ತಿ ಸಂಘ, ಒಂದು ಶಾಲೆಯ ಪೋಷಕರು, ಹೀಗೆ ಒಬ್ಬರಿಗೊಬ್ಬರು ಗುರುತಿರುವ ಸಣ್ಣ ಗುಂಪಿಗೆ ಗ್ರೂಪ್ ಚೆನ್ನಾಗಿ ಒದಗುತ್ತದೆ. ಇಡೀ ತಾಲ್ಲೂಕಿಗೆ ಒಂದು ಗ್ರೂಪ್ ಬೇಡ.

ವಾಟ್ಸಾಪ್ ಚಾನೆಲ್ ಬಗ್ಗೆಯೂ ಕೇಳುತ್ತಾರೆ. ಹೊಸ ವಂಚನೆಯ ಎಚ್ಚರಿಕೆ ಹಂಚಲು ಸಾಕು. ಅಲ್ಲಿ ಯಾರೂ ಪ್ರಶ್ನೆ ಕೇಳುವಂತಿಲ್ಲ.

ಒಂದೇ ನಂಬರ್: ನಮ್ಮ ಮೊದಲ ಆಯ್ಕೆ

ಸಹಾಯಕ್ಕೆಂದೇ ಒಂದು ಸಿಮ್, ಅದರಲ್ಲಿ ವಾಟ್ಸಾಪ್ ಬಿಸಿನೆಸ್. ಆ್ಯಪ್ ಉಚಿತ. ಕೇಳುವವರ ಮಾತು ಕೇಳುವವರಿಗೂ ಸಹಾಯಕರಿಗೂ ಬಿಟ್ಟು ಬೇರೆಯವರಿಗೆ ಕಾಣದಿರುವುದರಿಂದ ಗ್ರೂಪಿನಲ್ಲಿ ಬಾಯಿ ಬಿಡದವರೂ ಇಲ್ಲಿ ಧೈರ್ಯವಾಗಿ ಕೇಳುತ್ತಾರೆ. ಮುಖ್ಯ ಫೋನ್ ಅಲ್ಲದೆ ಇನ್ನೂ ನಾಲ್ಕು ಸಾಧನ ಜೋಡಿಸಬಹುದು, ಹಾಗಾಗಿ ಒಬ್ಬರ ಮೇಲೆ ಭಾರ ಬೀಳುವುದಿಲ್ಲ.

ಮೊದಲ ಮೆಸೇಜಿಗೆ ತಾನಾಗಿ ಹೋಗುವ ಸ್ವಾಗತದ ಸಾಲುಗಳಲ್ಲಿ ಅರ್ಧ ಕೆಲಸ ಮುಗಿಯುತ್ತದೆ. "ಹೇಗೆ ಸಹಾಯ ಮಾಡಲಿ?" ಎಂದು ಕೇಳಿದರೆ "ಫೋನ್ ಹಾಳಾಗಿದೆ ಅಣ್ಣ" ಎಂದಷ್ಟೇ ಉತ್ತರ ಬರುತ್ತದೆ. ನಮಗೆ ಚೆನ್ನಾಗಿ ಒದಗಿದ ಒಕ್ಕಣೆ ಇದು:

"ನಮಸ್ಕಾರ. ಯಾವ ಫೋನ್? ಏನು ಮಾಡಲು ಹೋಗಿದ್ದಿರಿ? ಪರದೆ ಮೇಲೆ ಏನು ಬಂತು? ಈ ಮೂರನ್ನು ಹೇಳಿ. ಬರೆಯಲು ಕಷ್ಟವಾದರೆ ನಿಮ್ಮ ಭಾಷೆಯಲ್ಲೇ ಮಾತಾಡಿ ಕಳಿಸಿ. ಪವರ್ ಬಟನ್ ಮತ್ತು ವಾಲ್ಯೂಮ್ ಕಡಿಮೆ ಮಾಡುವ ಬಟನ್ ಒಟ್ಟಿಗೆ ಒತ್ತಿದರೆ ಪರದೆಯ ಫೋಟೊ ಸಿಗುತ್ತದೆ. ಒಟಿಪಿ, ಪಿನ್, ಆಧಾರ್, ಪಾಸ್‌ಬುಕ್ ಫೋಟೊ ಕಳಿಸಬೇಡಿ. ಬ್ಯಾಂಕಿನಿಂದ ಹಣ ಹೋಗಿದ್ದರೆ ನಮಗೆ ಕಾಯದೆ ಈಗಲೇ 1930ಕ್ಕೆ ಫೋನ್ ಮಾಡಿ."

1930 ಸೈಬರ್ ವಂಚನೆಗೆಂದೇ ಇರುವ ಸರ್ಕಾರಿ ಸಹಾಯವಾಣಿ. ಈ ಕೊನೆಯ ಸಾಲನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ವಂಚನೆಯ ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯಬೇಕಾದರೆ ಪ್ರತಿ ನಿಮಿಷವೂ ಬೇಕು. ಸಂಜೆ ಏಳಕ್ಕೆ ಬಿಡುವಾಗುವ ಸಹಾಯಕರಿಗಾಗಿ ಅದು ಕಾಯುವುದಿಲ್ಲ.

ಇನ್ನು ಲೇಬಲ್‌ಗಳು. ಆ್ಯಪ್‌ನಲ್ಲಿ ಅಂಗಡಿಯವರಿಗೆಂದು ಇರುವ ಲೇಬಲ್‌ಗಳನ್ನು ಬದಲಿಸಿ "ಹೊಸತು", "ಹಿಡಿದಾಯ್ತು", "ಅವರ ಉತ್ತರ ಬರಬೇಕು", "ಸರಿಯಾಯ್ತು" ಎಂದು ಇಟ್ಟುಕೊಳ್ಳಿ. "ಹಿಡಿದಾಯ್ತು" ಹಾಕದಿದ್ದರೆ ಒಂದೇ ಪ್ರಶ್ನೆಗೆ ಇಬ್ಬರು ಎರಡು ರೀತಿ ಹೇಳುತ್ತಾರೆ. ಒಬ್ಬರು ಆ್ಯಪ್‌ನ ಕ್ಯಾಶ್ (ತಾತ್ಕಾಲಿಕ ಫೈಲ್‌ಗಳು) ಅಳಿಸಿ ಎಂದರೆ ಇನ್ನೊಬ್ಬರು ಡೇಟಾ ಅಳಿಸಿ ಎನ್ನುತ್ತಾರೆ; ಎರಡನೆಯದನ್ನು ಮಾಡಿದವರು ಆ ಆ್ಯಪ್‌ನಲ್ಲಿ ಇದ್ದದ್ದೆಲ್ಲ ಕಳೆದುಕೊಳ್ಳುತ್ತಾರೆ. ಪದೇಪದೇ ಬರುವ ಪ್ರಶ್ನೆಗಳಿಗೆ ಕ್ವಿಕ್ ರಿಪ್ಲೈ ಬರೆದಿಡಿ: ಫೋನ್ ತುಂಬಿದಾಗ ವಾಟ್ಸಾಪ್ ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಲ್ಲಿ ದೊಡ್ಡ ಫೈಲ್ ಅಳಿಸುವುದು, ಕಳೆದ ಫೋನನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಬ್ಲಾಕ್ ಮಾಡಿಸುವುದು, ಫೈಬರ್ ಇದ್ದೂ ಸಿಗ್ನಲ್ ಇಲ್ಲದ ಮನೆಯಲ್ಲಿ ವೈಫೈ ಮೂಲಕವೇ ಕರೆ ಹೋಗುವ ವೈಫೈ ಕಾಲಿಂಗ್ ಆನ್ ಮಾಡುವುದು. ಈ ಕೊನೆಯದಕ್ಕೆ ತೋಟದ ಮನೆಯವರು ಹೇಳುವಷ್ಟು ಥ್ಯಾಂಕ್ಸ್ ಬೇರೆ ಯಾವುದಕ್ಕೂ ಹೇಳುವುದಿಲ್ಲ.

ಪರದೆ ಹಂಚುವ ಆ್ಯಪ್ ಹಾಕಿಸಿ ದೂರದಿಂದ ರಿಪೇರಿ ಮಾಡುವ ಆಸೆ ಬೇಡ. ಸೈಬರ್ ಕಳ್ಳರು ಮೊದಲು ಕೇಳುವುದೂ ಅದನ್ನೇ. "ಸಹಾಯ ಮಾಡುವವರು ಹಾಗೆ ಹೇಳಿದ್ದರು" ಎಂಬ ಅಭ್ಯಾಸ ಒಮ್ಮೆ ಊರಿನಲ್ಲಿ ಕೂತರೆ ತೆಗೆಯುವುದು ಕಷ್ಟ.

ಪೋಸ್ಟರಿನಲ್ಲಿ ಯಾವ ಕ್ಯೂಆರ್?

ಗ್ರೂಪಿನ ಕ್ಯೂಆರ್ ಅಂಟಿಸಿದರೆ ಸ್ಪ್ಯಾಮ್ ಕಳಿಸುವವರೂ ಸೇರುತ್ತಾರೆ. ಅವರ ಕಾಟಕ್ಕೆ ಲಿಂಕ್ ರೀಸೆಟ್ ಮಾಡಿದ ಗಳಿಗೆಯಲ್ಲಿ ಊರಿಗೆಲ್ಲ ಅಂಟಿಸಿದ ಕಾಗದ ದಂಡ. ನಂಬರಿನ ಕ್ಯೂಆರ್‌ಗೆ ಆ ತೊಂದರೆ ಕಡಿಮೆ. ವಾಟ್ಸಾಪ್ ಬಿಸಿನೆಸ್‌ನ ಶಾರ್ಟ್ ಲಿಂಕ್ ವಿಭಾಗದಲ್ಲಿ ಮೊದಲೇ ಬರೆದ ಮೆಸೇಜ್ ಸೇರಿಸುವ ಅನುಕೂಲವಿದೆ. "ನನಗೆ ಸಹಾಯ ಬೇಕು" ಎಂದು ಇಟ್ಟರೆ ಬಂದವರು ಕಳಿಸುವ ಗುಂಡಿ ಒತ್ತಿದರಾಯಿತು. ಕ್ಯೂಆರ್ ಕೆಳಗೆ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆಯಲೇಬೇಕು, ಕೀಪ್ಯಾಡ್ ಫೋನಿನವರೂ ಇದ್ದಾರೆ. ಕ್ಯೂಆರ್ ಅಗಲ ನಾಲ್ಕು ಸೆಂಟಿಮೀಟರಿಗಿಂತ ಕಡಿಮೆ ಬೇಡ. ಇಂಕ್‌ಜೆಟ್ ಪ್ರಿಂಟ್ ಮೊದಲ ಮಳೆಗೇ ಹರಡುತ್ತದೆ, ಲೇಸರ್ ಪ್ರಿಂಟ್ ಮಾಡಿಸಿ. ಲ್ಯಾಮಿನೇಷನ್ ಅಂಚನ್ನು ಕಾಗದದ ಗಡಿಗೇ ಕತ್ತರಿಸಿದರೆ ತೇವ ಒಳನುಗ್ಗುತ್ತದೆ. ಸುತ್ತಲೂ ಒಂದು ಸೆಂಟಿಮೀಟರ್ ಪ್ಲಾಸ್ಟಿಕ್ ಬಿಟ್ಟು ಕತ್ತರಿಸಿ. ಹೊಳಪಿನ ಲ್ಯಾಮಿನೇಷನ್ ಮೇಲೆ ಬೆಳಕು ಬಿದ್ದರೆ ಕ್ಯಾಮೆರಾ ಓದುವುದಿಲ್ಲ, ಮ್ಯಾಟ್ ಕೇಳಿ. ಅಂಟಿಸಲು ಒಳ್ಳೆಯ ಜಾಗ ಎಂದರೆ ಜನ ನಿಂತು ಕಾಯುವ ಜಾಗ: ನ್ಯಾಯಬೆಲೆ ಅಂಗಡಿ, ಬಸ್ ತಂಗುದಾಣ, ಹಾಲಿನ ಡೇರಿ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ. ಅಂಟಿಸುವ ಮೊದಲು ಅಲ್ಲಿಯವರ ಒಪ್ಪಿಗೆ ಕೇಳಿ.

ಸಂತೆ ಮೇಜು

ಸಂತೆ ದಿನ ಮಡಿಕೇರಿಗೆ ಶುಕ್ರವಾರ, ಸೋಮವಾರಪೇಟೆ, ಶನಿವಾರಸಂತೆಗಳಿಗೆ ಹೆಸರಿನಲ್ಲೇ ಇರುವ ದಿನ. ತೋಟದ ಲೈನ್ ಮನೆಗಳ ಕಾರ್ಮಿಕರೂ ಹಳ್ಳಿಯ ಹಿರಿಯರೂ ಪೇಟೆಗೆ ಬರುವುದು ಅಂದೇ. ಯಾವ ಪೋಸ್ಟರೂ ತಲುಪದವರು ಇಲ್ಲಿ ಕಣ್ಣೆದುರು ನಿಲ್ಲುತ್ತಾರೆ. ಸಂತೆಯ ಒಳಗೆ ಕೂರಬೇಡಿ. ಗದ್ದಲದಲ್ಲಿ ಒಟಿಪಿಯನ್ನು ಗಟ್ಟಿಯಾಗಿ ಓದುವಂತಾಗುತ್ತದೆ, ಅದನ್ನು ಹತ್ತು ಜನ ಕೇಳುತ್ತಾರೆ. ಸಂತೆಗೆ ಹೋಗುವ ದಾರಿಯಲ್ಲಿ, ತಲೆಯ ಮೇಲೆ ಸೂರು ಇರುವ ಗ್ರಂಥಾಲಯದ ಜಗಲಿಯಂಥ ಜಾಗ ಒಳ್ಳೆಯದು. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಸಾಕು. ಮಧ್ಯಾಹ್ನದ ಮೇಲೆ ಎಲ್ಲರ ಕಣ್ಣೂ ಬಸ್ಸಿನ ಮೇಲೆ.

ಮೇಜಿನ ಮೇಲೆ ಇರಬೇಕಾದದ್ದು: 20,000 ಎಂಎಎಚ್ ಪವರ್ ಬ್ಯಾಂಕ್, ಟೈಪ್ ಸಿ ಮತ್ತು ಹಳೆಯ ಮೈಕ್ರೋ ಯುಎಸ್‌ಬಿ ಕೇಬಲ್, ಸಿಮ್ ತೆಗೆಯುವ ಪಿನ್, ಫೋನಿಗೇ ಚುಚ್ಚಬಹುದಾದ ಓಟಿಜಿ ಪೆನ್‌ಡ್ರೈವ್, ಬೇರೆಬೇರೆ ಕಂಪನಿಯ ಎರಡು ಸಿಮ್ ಇರುವ ಹಾಟ್‌ಸ್ಪಾಟ್ ಫೋನ್, ನಂಬರ್ ಇರುವ ಸಣ್ಣ ಚೀಟಿಗಳು. ಹಾಟ್‌ಸ್ಪಾಟ್ ಫೋನಿನಲ್ಲಿ ಒಂದೇ ಕಂಪನಿಯ ಸಿಮ್ ಇದ್ದರೆ ಒಂದಲ್ಲ ಒಂದು ದಿನ ಮೇಜು ಖಾಲಿ ಕೂರುತ್ತದೆ. ಪಾಸ್‌ವರ್ಡ್, ಪಿನ್ ಅವರೇ ಒತ್ತಬೇಕು. ಆಗ ಸಹಾಯಕರು ಮುಖ ಬೇರೆ ಕಡೆ ತಿರುಗಿಸಬೇಕು. ಯಾರ ಫೋನನ್ನೂ ಇಟ್ಟುಕೊಳ್ಳಬಾರದು. "ಸಂತೆ ಮುಗಿಸಿ ಬರುತ್ತೇನೆ, ನೋಡಿಡಿ" ಎಂದರೂ ಬೇಡ.

ಮೇಜಿನ ಮಿತಿಯೂ ಸ್ಪಷ್ಟ. ರೊಬಸ್ಟಾ ಕೊಯ್ಲಿನ ಜನವರಿಯಿಂದ ಮಾರ್ಚ್‌ವರೆಗೆ ಸಹಾಯಕರಿಗೇ ಬಿಡುವಿಲ್ಲ. ಆಟಿ–ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಮೇಜು ಹಾಕುವುದು ವ್ಯರ್ಥ ಶ್ರಮ. ಆ ತಿಂಗಳುಗಳಲ್ಲಿ ಸಂಜೆ ಏಳರಿಂದ ಎಂಟರ ಫೋನ್ ಗಂಟೆ ಕೆಲಸಕ್ಕೆ ಬರುತ್ತದೆ. ಹಿರಿಯರಿಗೆ ಮಾತೇ ಸುಲಭ. ಆದರೆ ಫೋನಿನಲ್ಲಿ ಹೇಳಿದ್ದು ಉಳಿಯುವುದಿಲ್ಲ, ಎದುರಿನ ಪರದೆ ಕಾಣುವುದಿಲ್ಲ, ಮುಂದಿನ ಸಹಾಯಕರಿಗೆ ಏನೂ ಗೊತ್ತಾಗುವುದಿಲ್ಲ. ಕರೆ ಮುಗಿದ ಮೇಲೆ ಎರಡು ಸಾಲು ಟಿಪ್ಪಣಿ ಕಡ್ಡಾಯ ಮಾಡಿ.

ಕೇಳಿದವರೇ ಹೇಳುವವರಾಗುವುದು

"ಸ್ವಯಂಸೇವಕರು ಬೇಕಾಗಿದ್ದಾರೆ" ಎಂಬ ಮೆಸೇಜಿಗೆ ಬರುವ ಹೆಬ್ಬೆರಳುಗಳನ್ನು ನಂಬಬೇಡಿ. ಹೆಸರು ಕೊಟ್ಟವರಲ್ಲಿ ಹೆಚ್ಚಿನವರು ಮೊದಲ ಕಷ್ಟದ ಪ್ರಶ್ನೆಗೇ ಮರೆಯಾಗುತ್ತಾರೆ, ಏಕೆಂದರೆ ಅವರನ್ನು ಎಲ್ಲ ಪ್ರಶ್ನೆಗೂ ಒಡ್ಡಿರುತ್ತೇವೆ. ಒಬ್ಬರಿಗೆ ಒಂದೇ ಪ್ರಶ್ನೆ ಕೊಟ್ಟರೆ ನಿಲ್ಲುತ್ತಾರೆ.

ಕೊಡಗಿನಲ್ಲಿ ಇದಕ್ಕೆ ಹೇಳಿ ಮಾಡಿಸಿದ ಉದಾಹರಣೆ ಪಿಂಚಣಿ ನಿಲ್ಲದಂತೆ ನಿವೃತ್ತ ಸೈನಿಕರು ವರ್ಷಕ್ಕೊಮ್ಮೆ ಕೊಡುವ ಜೀವನ ಪ್ರಮಾಣ ಪತ್ರ. ನವೆಂಬರ್ ಬಂತೆಂದರೆ ಸರದಿ. 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶ. ಫೋನಿನಲ್ಲೇ ಮಾಡಲು ಜೀವನ್ ಪ್ರಮಾಣ್ ಆ್ಯಪ್ ಜೊತೆಗೆ ಆಧಾರ್ ಫೇಸ್ ಆರ್‌ಡಿ ಆ್ಯಪ್ ಕೂಡ ಬೇಕು. ಎರಡನೆಯದಕ್ಕೆ ಪರದೆಯಲ್ಲಿ ಐಕಾನ್ ಕಾಣದ ಕಾರಣ ಇನ್‌ಸ್ಟಾಲ್ ಆಗಲಿಲ್ಲವೆಂದು ಜನ ಮತ್ತೆಮತ್ತೆ ಹುಡುಕುತ್ತಾರೆ. ಮುಖ ಹಿಡಿಯದಿದ್ದರೆ ಕನ್ನಡಕ ತೆಗೆಸಿ, ಕಿಟಕಿಗೆ ಬೆನ್ನಲ್ಲ, ಮುಖ ಮಾಡಿ ಕೂರಿಸಿ. ಪಿಂಚಣಿ ರಕ್ಷಣಾ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ಗೆ ಬದಲಾದವರು ಪಿಂಚಣಿ ಕೊಡುವವರ ಪಟ್ಟಿಯಲ್ಲಿ ಹಳೆಯ ಅಭ್ಯಾಸದಂತೆ ಬ್ಯಾಂಕನ್ನು ಆರಿಸಿದರೆ ಪತ್ರ ತಲುಪಬೇಕಾದಲ್ಲಿಗೆ ತಲುಪುವುದಿಲ್ಲ. ಅಲ್ಲಿ ಸ್ಪರ್ಶ್ ಆರಿಸಬೇಕು.

ಇಷ್ಟನ್ನು ಒಮ್ಮೆ ತಾವೇ ಮಾಡಿದ ಮಾಜಿ ಹವಾಲ್ದಾರರೊಬ್ಬರು ಅದೇ ಪ್ರಶ್ನೆಗೆ ನಮಗಿಂತ ಚೆನ್ನಾಗಿ ಉತ್ತರ ಹೇಳುತ್ತಾರೆ. ಪಿಪಿಒ (ಪಿಂಚಣಿ ಪಾವತಿ ಆದೇಶ) ಎಂದರೆ ಯಾವ ಕಾಗದ, ಟ್ರಂಕಿನ ಯಾವ ಫೈಲಿನಲ್ಲಿ ಸಿಗುತ್ತದೆ ಎಂಬುದು ಅವರಿಗೆ ಗೊತ್ತು. ಅವರ ಕೆಲಸ ಮುಗಿದ ಮರುದಿನ "ಸರಿಯಾಯ್ತಾ ಸರ್?" ಎಂದು ವಿಚಾರಿಸಿ. ಹೌದೆಂದರೆ ಅಲ್ಲೇ ಕೇಳಿ: "ಇದೇ ವಿಷಯಕ್ಕೆ ಇನ್ನೊಬ್ಬರು ಕೇಳಿದರೆ ನಿಮ್ಮ ನಂಬರ್ ಕೊಡಲಾ?" ಉಪಕಾರ ಪಡೆದ ಮರುದಿನ ಒಪ್ಪುವಷ್ಟು ಸುಲಭವಾಗಿ ತಿಂಗಳ ನಂತರ ಯಾರೂ ಒಪ್ಪುವುದಿಲ್ಲ. ಒಪ್ಪಿಗೆ ಇಲ್ಲದೆ ನಂಬರ್ ಕೊಡಲೇಬಾರದು. ಕೇಳಿದವರೊಬ್ಬರನ್ನು ಅವರು ದಡ ಸೇರಿಸಿದ ಮೇಲಷ್ಟೇ ಟೆಲಿಗ್ರಾಂಗೆ ಕರೆಯಿರಿ.

ಟೆಲಿಗ್ರಾಂ ಕೇಳುವವರಿಗೆ ಕಷ್ಟ: ಹೊಸ ಆ್ಯಪ್, ಹೊಸ ಲಾಗಿನ್. ಸಹಾಯಕರಿಗೆ ಮಾತ್ರ ಅದರಷ್ಟು ಒಳ್ಳೆಯದಿಲ್ಲ. ಗ್ರೂಪಿನಲ್ಲಿ ಟಾಪಿಕ್ಸ್ ಆನ್ ಮಾಡಿ ಪಿಂಚಣಿ, ಜಮೀನು–ಬೆಳೆ ಆ್ಯಪ್‌ಗಳು, ವಿದ್ಯಾರ್ಥಿವೇತನ, ವಂಚನೆ, ಫೋನ್ ರಿಪೇರಿ ಎಂದು ವಿಂಗಡಿಸಿದರೆ ಪ್ರತಿಯೊಬ್ಬರೂ ತಮ್ಮದನ್ನು ಬಿಟ್ಟು ಉಳಿದದ್ದನ್ನು ಮ್ಯೂಟ್ ಮಾಡಬಹುದು. ಹಳೆಯ ಸದಸ್ಯರ ಮಾತು ಹೊಸಬರಿಗೂ ಕಾಣುವಂತೆ ಸೆಟ್ಟಿಂಗ್ ಇಡಿ. ಪ್ರಶ್ನೆಯನ್ನು ಇಲ್ಲಿಗೆ ತರುವಾಗ ಕೇಳಿದವರ ಹೆಸರು, ನಂಬರ್ ತೆಗೆದು ತೊಂದರೆಯನ್ನಷ್ಟೇ ಹಾಕಿ.

ಬೆಳವಣಿಗೆ ಅಳೆಯಲು ಸದಸ್ಯರ ಸಂಖ್ಯೆ ಸಾಲದು. ವಾರಕ್ಕೊಮ್ಮೆ ನಾಲ್ಕು ಲೆಕ್ಕ ಬರೆಯಿರಿ: ಮೊದಲ ಬಾರಿ ಕೇಳಿದವರು, ಎರಡನೇ ಬಾರಿ ಬಂದವರು, "ಸರಿಯಾಯ್ತು" ಎಂದವರು, ಕನಿಷ್ಠ ಒಂದು ಉತ್ತರ ಕೊಟ್ಟ ಸಹಾಯಕರು. ಮೊದಲನೆಯದು ಏರಿ ಕೊನೆಯದು ನಿಂತಲ್ಲೇ ನಿಂತಿದ್ದರೆ ಹೊಸ ಪೋಸ್ಟರ್ ಅಂಟಿಸುವುದನ್ನು ನಿಲ್ಲಿಸಿ. ಉತ್ತರ ಸಿಗದೆ ಹೋದವರು ಇನ್ನೊಮ್ಮೆ ಬರುವುದಿಲ್ಲ.

ಸಿಮ್ ಯಾರ ಹೆಸರಿನಲ್ಲಿದೆ ಎಂಬುದನ್ನು ಮೊದಲ ದಿನವೇ ತೀರ್ಮಾನಿಸಿ. ಓದಿಗೋ ಕೆಲಸಕ್ಕೋ ಬೆಂಗಳೂರಿಗೆ ಹೋಗಲಿರುವ ಹುಡುಗನ ಹೆಸರಿನಲ್ಲಿ ಬೇಡ, ಊರಲ್ಲೇ ಇರುವವರ ಹೆಸರಿನಲ್ಲಿರಲಿ. ವಾಟ್ಸಾಪ್‌ನ ಎರಡು ಹಂತದ ಪಿನ್ ಇನ್ನೊಬ್ಬರಿಗೂ ಗೊತ್ತಿರಲಿ. ಮುಖ್ಯ ಫೋನನ್ನು 14 ದಿನ ತೆರೆಯದಿದ್ದರೆ ಜೋಡಿಸಿದ ಸಾಧನಗಳೆಲ್ಲ ತಾವಾಗಿ ಲಾಗೌಟ್ ಆಗುತ್ತವೆ. ಮಳೆಗಾಲದಲ್ಲಿ ಸಿಗ್ನಲ್ ಇಲ್ಲದ ಮನೆಯಲ್ಲಿ ಆ ಫೋನ್ ಇದ್ದರೆ ಹಾಗಾಗಲು ಹೆಚ್ಚು ದಿನ ಬೇಡ. ಜೂನ್ ಬರುವ ಮೊದಲೇ ಅದನ್ನು ಪೇಟೆಯಲ್ಲಿರುವ ಸಹಾಯಕರ ಕೈಗೆ ಕೊಟ್ಟುಬಿಡಿ.